ಗ್ರಹಣದ ಕಣ್ಣಿಗೆ ಹಿರೋಷಿಮಾದಲ್ಲಿ ಮದ್ದು ಕೇಳಿದ್ದು

ಕಾರ್ಗಲ್

ಜಪಾನಿಗೆ ಹೋಗಿ ಬಂದವನು ಎಂದು ಗೊತ್ತಾದ ಕೂಡಲೇ ಸಾಗರದ ಹೋಟೆಲಿನಲ್ಲಿ ಜನ ಕಾಫಿ ಲೋಟ ಹಿಡಿದುಕೊಂಡು ನನ್ನ ಮೇಜಿಗೇ ಬಂದು ಕೂರುತ್ತಾರೆ. ಟ್ರಾನ್ಸಿಸ್ಟರ್ ತಂದ್ರಾ, ಕ್ಯಾಮೆರಾ ತಂದ್ರಾ, ಅಲ್ಲಿ ಹಸಿ ಮೀನು ತಿಂತಾರಂತೆ ಹೌದಾ ಎಂದು ಕೇಳುತ್ತಾರೆ. ಹಿರೋಷಿಮಾಕ್ಕೂ ಹೋಗಿದ್ದೆ ಎಂದರೆ ಕಾಫಿ ಲೋಟ ಕೆಳಗಿಡುತ್ತಾರೆ. ಆಮೇಲೆ ಯಾರಾದರೊಬ್ಬರು ದೋಸೆ ಮುರಿಯುತ್ತಾ, "ಚೀನಾದವ್ರು ಬಾಂಬು ಸಿಡಿಸೇ ಬಿಟ್ರಲ್ಲ, ಇನ್ನು ನಾವೂ ಒಂದು ಮಾಡ್ಲೇಬೇಕು ಬಿಡಿ" ಎನ್ನುತ್ತಾರೆ. ಒಂದಂತೆ! ಮನೆಗೊಂದು ಸೈಕಲ್ ತರುವ ಹಾಗೆ. ನಾನು ದುಡ್ಡು ಕೊಟ್ಟು ಎದ್ದು ಬರುತ್ತೇನೆ. ಅವರ ಜೊತೆ ಜಗಳ ಕಾಯುವುದಕ್ಕಿಂತ ಬರೆದು ಹಾಕುವುದು ವಾಸಿ ಎಂದು ಈಗ ಕೂತಿದ್ದೇನೆ.

ನಾನು ಕಾರ್ಗಲ್ಲಿನಲ್ಲಿ, ವಿದ್ಯುತ್ ಯೋಜನೆಯ ಸ್ವಿಚ್‌ಯಾರ್ಡಿನಲ್ಲಿ ಫೋರ್‌ಮನ್. ಜಪಾನಿನ ಒಂದು ಕಾರ್ಖಾನೆಯಲ್ಲಿ ಟ್ರಾನ್ಸ್‌ಫಾರ್ಮರ್ ಕೆಲಸ ಕಲಿತು ಬರಲು ನನ್ನನ್ನೂ ಮೈಸೂರು ಕಡೆಯ ಒಬ್ಬ ಇಂಜಿನಿಯರ್ ಸಾಹೇಬರನ್ನೂ ಕಳಿಸಿದರು. ಸಾಹೇಬರಿಗೆ ಹೋಗಲು ಸಾವಿರ ಕಾರಣಗಳಿದ್ದವು. ನನಗೆ ಇದ್ದದ್ದು ಒಂದೇ, ನಮ್ಮ ಅಕ್ಕ ಹೂವಮ್ಮ.

ನಮ್ಮದು ನಿಟ್ಟೂರಿನ ಹತ್ತಿರ, ಗೇಣಿ ಗದ್ದೆ ಮಾಡುತ್ತಿದ್ದವರ ಮನೆ. ಅಕ್ಕನನ್ನು ತೀರ್ಥಹಳ್ಳಿ ಕಡೆಗೆ ಕೊಟ್ಟಿತ್ತು. ಗ್ರಹಣ ಬಂತೆಂದರೆ ನಮ್ಮ ಕಡೆ ಯಾರೂ ತಲೆಯೆತ್ತಿ ಸೂರ್ಯನನ್ನು ನೋಡುವುದಿಲ್ಲ. ಅಂಗಳದಲ್ಲಿ ಬೋಗುಣಿಗೆ ಸಗಣಿ ನೀರು ಹಾಕಿಟ್ಟು, ಅದರಲ್ಲಿ ಬೀಳುವ ಬಿಂಬ ನೋಡುತ್ತಾರೆ. ಅಕ್ಕ ಮದುವೆಯಾದ ಮರುವರ್ಷದ ಗ್ರಹಣ ಬಂದದ್ದು ಮಳೆಗಾಲದ ಶುರುವಿನಲ್ಲಿ. ಆಕಾಶ ಕವುಚಿಕೊಂಡಿತ್ತು. "ಸೂರ್ಯನೇ ಇಲ್ಲ, ಸಗಣಿ ನೀರು ಎಂತಕ್ಕೆ?" ಎಂದು ಅವಳ ಅತ್ತೆ ಬೋಗುಣಿ ಇಡಲಿಲ್ಲ. ಅಕ್ಕ ಗದ್ದೆಯ ಅಂಚಿನಲ್ಲಿದ್ದಾಗ ಮೋಡ ತೆಳುವಾಗಿ, ಕಚ್ಚಿಟ್ಟ ರೊಟ್ಟಿಯ ಹಾಗೆ ಸೂರ್ಯ ಕಂಡಿತು. ಚಂದ್ರನಷ್ಟೇ ತಂಪಾಗಿತ್ತಂತೆ. ಕಣ್ಣಿಗೆ ಏನೂ ಚುಚ್ಚಲಿಲ್ಲ, ನೀರು ಬರಲಿಲ್ಲ. ಅವಳು ನೋಡುತ್ತಾ ನಿಂತಳು. ಸಂಜೆಯ ಹೊತ್ತಿಗೆ, ಎಲ್ಲಿ ನೋಡಿದರೂ ಅಲ್ಲೇ ನಟ್ಟ ನಡುವೆ ನಾಲ್ಕಾಣೆಯಗಲ ಕಪ್ಪು.

ಕುರುಡಾಗಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ. ಅಕ್ಕ ಕುರುಡಿಯಲ್ಲ. ಕೊಡ ಹೊತ್ತು ಹಳ್ಳದ ಮೇಲಿನ ಮರದ ಸಂಕ ದಾಟುತ್ತಾಳೆ, ಹುಲ್ಲಿನಲ್ಲಿ ಹರಿಯುವ ಹಾವು ಎಲ್ಲರಿಗಿಂತ ಮೊದಲು ಅವಳಿಗೇ ಕಾಣುತ್ತದೆ. ಆದರೆ ಎದುರಿಗೆ ನಿಂತವರ ಮುಖ ಕಾಣುವುದಿಲ್ಲ, ಅಕ್ಕಿಯಲ್ಲಿ ಕಲ್ಲು ಕಾಣುವುದಿಲ್ಲ. ಹಾವು ಕಾಣುವವಳಿಗೆ ಕಲ್ಲು ಕಾಣದೆಂದರೆ ಯಾರು ನಂಬುತ್ತಾರೆ? ಕೆಲಸ ತಪ್ಪಿಸಿಕೊಳ್ಳುವ ನಾಟಕ ಎಂದಳು ಅತ್ತೆ. ಪೇಟೆಯ ಡಾಕ್ಟರೊಬ್ಬರು ಟಾರ್ಚು ಬಿಟ್ಟು ನೋಡಿ, "ಕಣ್ಣು ಚೆನ್ನಾಗಿದೆಯಲ್ಲಮ್ಮ" ಎಂದುಬಿಟ್ಟರು. ಅಲ್ಲಿಗೆ ಮುಗಿಯಿತು. ನಾಟಕ ಬಿಟ್ಟ ಮೇಲೆ ಬಾ ಎಂದು ತವರಿಗೆ ಕಳಿಸಿದರು.

ಭಾವ ಕೆಟ್ಟವರಲ್ಲ. ಇದೇ ನನಗೆ ಇವತ್ತಿಗೂ ನುಂಗಲಾಗದ್ದು. ಪ್ರತಿ ದೀಪಾವಳಿಗೂ ನಿಟ್ಟೂರಿಗೆ ಬರುತ್ತಿದ್ದರು, ಅಕ್ಕನ ಮುಖದ ಮುಂದೆ ಬೆರಳು ಹಿಡಿದು, "ಎಷ್ಟು ಹೇಳು" ಎನ್ನುತ್ತಿದ್ದರು. ಅವಳು ಕಾಣೂದಿಲ್ಲ ಎನ್ನುತ್ತಿದ್ದಳು. ಊಟ ಮಾಡಿ ಹೋಗುತ್ತಿದ್ದರು. ನಾನು ಹೊರಡುವ ಮುಂಚೆ ಕಾರ್ಗಲ್ಲಿಗೇ ಬಂದು ಹೇಳಿದರು. "ಮನೇಲಿ ಇನ್ನು ಕೇಳೂದಿಲ್ಲ ಮಾರಾಯ. ಬೇರೆ ಹೆಣ್ಣು ನೋಡಿಟ್ಟಿದಾರೆ. ನೀನು ಬರೋವರೆಗೆ ಕಾಯ್ತೀನಿ. ಅಲ್ಲಿನ ಡಾಕ್ಟ್ರು ವಾಸಿ ಆಗ್ತದೆ ಅಂದ್ರೆ, ಅವತ್ತೇ ಗಾಡಿ ಕಟ್ಕೊಂಡು ಬಂದು ಕರ್ಕೊಂಡು ಹೋಗ್ತೀನಿ."

ಅಕ್ಕ ಹೇಳಿದ್ದು ಬೇರೆ. "ವಾಸಿ ಆಗ್ತದಾ ಅಂತ ಆಮೇಲೆ ಕೇಳು ತಮ್ಮಾ. ಇಂಥದ್ದೊಂದು ಹೌದಾ ಅಲ್ವಾ ಅಂತ ಮೊದ್ಲು ಕೇಳು."

ಹಾವು ಹೆಚ್ಚಿರುವ ಕಾಡಿನಲ್ಲೇ ಹಾವಿನ ಮದ್ದು ಗೊತ್ತಿರುವವರು ಇರುತ್ತಾರೆಂಬುದು ನಾವು ಹುಟ್ಟಿದಾಗಿನಿಂದ ಕಂಡ ಲೆಕ್ಕ. ಸೂರ್ಯನನ್ನು ಮೀರಿಸಿದ ಬೆಳಕು ಬಿದ್ದ ಊರಿನಲ್ಲಿ, ಬೆಳಕಿಗೆ ಸುಟ್ಟ ಕಣ್ಣಿನ ಮದ್ದು ಇಲ್ಲದೆ ಹೋದೀತೇ ಎಂದು ನನಗೆ ಧೈರ್ಯ. ಮಲೆನಾಡಿನ ದಡ್ಡನಿಗೆ ಮಾತ್ರ ಬರುವಂಥ ಧೈರ್ಯ.

ಕಾರ್ಖಾನೆಯ ಊರು

ವಿಮಾನದ ಬಗ್ಗೆ ಹೇಳಲು ನನ್ನಲ್ಲಿ ಏನೂ ಇಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ಕಾರ್ಖಾನೆಯ ಊರಿನಲ್ಲಿ ನಮ್ಮನ್ನು ಒಂದು ವಸತಿಗೃಹದಲ್ಲಿಟ್ಟರು. ಬಾಗಿಲಲ್ಲಿ ಒಂದು ಚಪ್ಪಲಿ ಬಿಡಬೇಕು, ಒಳಗೆ ಒಂದು ಹಾಕಬೇಕು, ಚಾಪೆಗೆ ಬಂದಾಗ ಅದನ್ನೂ ಬಿಡಬೇಕು, ಕಕ್ಕಸಿಗೆ ಬೇರೆಯೇ ಒಂದು. ನಾನು ಕಕ್ಕಸಿನ ಚಪ್ಪಲಿಯಲ್ಲೇ ಊಟದ ಮನೆಗೆ ಹೋಗಿ ಕೂತೆ. ಯಾರೂ ಏನೂ ಅನ್ನಲಿಲ್ಲ. ನಮ್ಮಲ್ಲಾದರೆ ಬೈದು ಮುಗಿಸುತ್ತಿದ್ದರು, ಇವರು ಬಗ್ಗಿ ನಮಸ್ಕರಿಸುತ್ತಾ ನನ್ನ ಕಾಲನ್ನೇ ನೋಡುತ್ತಿದ್ದರು. ಅದಕ್ಕಿಂತ ಬೈಗುಳವೇ ಮೇಲು.

ಊಟದಲ್ಲಿ ನಾನು ಗೆದ್ದೆ. ಅನ್ನ, ಮೀನು, ಉಪ್ಪಿನಕಾಯಿ ಇದ್ದರೆ ನಮ್ಮ ಮನೆಯವರಿಗೆ ಇನ್ನೇನು ಬೇಕು. ಸಾಹೇಬರು ಸಸ್ಯಾಹಾರಿಗಳು. ಸಾರು ಎಂದುಕೊಂಡು ಕುಡಿದದ್ದರಲ್ಲೆಲ್ಲ ಮೀನಿನ ಪುಡಿ ಇತ್ತೆಂದು ತಿಳಿದ ದಿನ ಅವರು ಪಾಪ, ಬರೀ ಬಾಳೆಹಣ್ಣು ತಿಂದು ಮಲಗಿದರು.

ಅಲ್ಲಿನ ವೆಲ್ಡಿಂಗ್ ಷೆಡ್ಡು ನೋಡಿ ನನಗೆ ನಾಚಿಕೆಯಾಯಿತು. ಒಬ್ಬ ಹುಡುಗ ಕರಿಗಾಜಿನ ಮುಖವಾಡ ಚೂರು ಎತ್ತಿ ಕಿಡಿ ನೋಡಿದನೆಂದು ಮೇಸ್ತ್ರಿ ಅವನ ತಲೆಗೆ ಪಟ್ಟನೆ ಹೊಡೆದ. ಕಾರ್ಗಲ್ಲಿನಲ್ಲಿ ನಮ್ಮವರು ಗಾಜು ಹಿಡಿಯುವುದೇ ಮೇಲಧಿಕಾರಿ ಬಂದಾಗ. ಮರುದಿನ ಕಣ್ಣಿಗೆ ಮರಳು ಹಾಕಿದ ಹಾಗೆ ಆದರೆ ಆಲೂಗಡ್ಡೆ ಹೋಳು ಕಟ್ಟಿಕೊಂಡು ಮಲಗುತ್ತಾರೆ. ಬೆಳಕು ಕಣ್ಣನ್ನು ಸುಡುತ್ತದೆಂದು ಗೊತ್ತಿದ್ದೂ ನಂಬದ ಜನ ನಾವು. ಹೀಗಿರುವವರು ಅಕ್ಕನನ್ನು ಎಲ್ಲಿ ನಂಬುತ್ತಾರೆ?

ರಜೆ ಸಿಕ್ಕಾಗ ಹಿರೋಷಿಮಾಕ್ಕೆ ಹೋಗುತ್ತೇನೆ ಎಂದೆ. ನಮಗೆ ಇಂಗ್ಲಿಷಿನಲ್ಲಿ ಅರ್ಥ ಹೇಳುತ್ತಿದ್ದ ಗುಮಾಸ್ತ ನಗುತ್ತಿದ್ದವನು ನಗು ನಿಲ್ಲಿಸಿದ. "ಕ್ಯೋಟೋ ಚೆನ್ನಾಗಿದೆ, ದೇವಸ್ಥಾನಗಳಿವೆ" ಎಂದ. ಹಿರೋಷಿಮಾ ಎಂದೆ. "ನಾರಾದಲ್ಲಿ ಜಿಂಕೆಗಳಿವೆ." ನಾನು ಮತ್ತೆ ಹಿರೋಷಿಮಾ ಎಂದೆ. ಅವನು ಬಗ್ಗಿ ನಮಸ್ಕರಿಸಿ ಹೋಗಿಬಿಟ್ಟ. ಅಲ್ಲಿಗೆ ಯಾಕೆ ಹೋಗುತ್ತೀಯೆಂದು ಯಾರೂ ಕೇಳಲಿಲ್ಲ. ಸಾಹೇಬರು ಮಾತ್ರ, "ಸುಟ್ಟ ಊರಲ್ಲಿ ಏನ್ರೀ ಶಾಪಿಂಗು?" ಎಂದರು.

ಹಿರೋಷಿಮಾ

ರೈಲಿಳಿದಾಗ ನನಗೆ ಮೋಸವಾದ ಹಾಗನಿಸಿತು. ಬೂದಿ, ಬೋಳು ಗೋಡೆ ಇರುತ್ತವೆ ಎಂದುಕೊಂಡಿದ್ದೆ. ಇಲ್ಲಿ ಟ್ರಾಮುಗಳು ಓಡಾಡುತ್ತಿದ್ದವು, ಅಂಗಡಿಗಳ ಮೇಲೆ ಬಣ್ಣದ ದೀಪ, ಶಾಲೆಯ ಮಕ್ಕಳ ಸಾಲು. ನದಿಯೇ ಐದಾರು ಕವಲಾಗಿ ಊರಿನ ನಡುವೆ ಹರಿಯುತ್ತದೆ. ಬದುಕಿದ್ದಾರಲ್ಲ ಎಂದು ಸಂತೋಷಪಡುವ ಬದಲು ನನಗೆ ಸಿಟ್ಟು ಬಂತು. ಹೆಣ ನೋಡಲು ಬಂದವನಿಗೆ ಮನೆಯವರು ಕಾಫಿ ಕೊಟ್ಟರೆ ಆಗುವಂಥ ಸಿಟ್ಟು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಬಾಂಬಿನ ವಸ್ತುಸಂಗ್ರಹಾಲಯಕ್ಕೆ ಹೋದೆ. ಕರಗಿದ ಬಾಟಲಿ, ಸುಟ್ಟ ಅಂಗಿ, ನಿಂತುಹೋದ ಗಡಿಯಾರ. ಅದನ್ನೆಲ್ಲ ನೋಡಿದವರು ಬರೆದಿದ್ದಾರೆ, ನಾನು ಬರೆಯುವುದಿಲ್ಲ. ನಮ್ಮ ಲಿಂಗನಮಕ್ಕಿ ಅಣೆಕಟ್ಟಿನ ನೀರು ಎಷ್ಟೋ ಊರುಗಳನ್ನು ನುಂಗಿತು, ಅಲ್ಲಿಂದ ಎಬ್ಬಿಸಿದ ಜನ ಇನ್ನೂ ಮಣ್ಣು ಹುಡುಕಿಕೊಂಡು ಅಲೆಯುತ್ತಿದ್ದಾರೆ. ಅದನ್ನು ನೆನೆದು ಇಷ್ಟೇ ಅಂದುಕೊಂಡೆ: ನಮಗೆ ಮುಂಚೆ ನೋಟಿಸಾದರೂ ಬಂದಿತ್ತು.

ಕಣ್ಣಿನ ಡಾಕ್ಟರನ್ನು ಹುಡುಕಿ ಎರಡು ಕಡೆ ಹೋದೆ. ನನ್ನ ಇಂಗ್ಲಿಷು ಅವರಿಗೆ ತಿಳಿಯದು, ಅವರ ಮಾತು ನನಗೆ ತಿಳಿಯದು. ನನ್ನ ಕಣ್ಣು ತೋರಿಸಿ ಸನ್ನೆ ಮಾಡಿದರೆ ನನ್ನ ಕಣ್ಣಿಗೇ ಎರಡು ಹನಿ ಔಷಧಿ ಬಿಟ್ಟು ಕಳಿಸಿದರು. ಮುಸ್ಸಂಜೆಯವರೆಗೆ ಎಲ್ಲ ಮಂಜುಮಂಜು. ಟ್ರಾಮಿನ ಕಂಬಕ್ಕೆ ಡಿಕ್ಕಿ ಹೊಡೆದು, ಅದಕ್ಕೂ ಬಗ್ಗಿ ನಮಸ್ಕರಿಸಿದೆ.

ನಾನು ಇಳಿದುಕೊಂಡದ್ದು ಸಣ್ಣ ತಂಗುಮನೆ, ನೋಡಿಕೊಳ್ಳುತ್ತಿದ್ದವಳು ಐವತ್ತರ ಆಸುಪಾಸಿನ ಹೆಂಗಸು. ಮರುದಿನ ಬೆಳಿಗ್ಗೆ ಎದ್ದವನೇ ಒಂದು ಕವಳ ಹಾಕಿದೆ. ಊರಿಂದ ತಂದ ವೀಳ್ಯದೆಲೆ ಯಾವತ್ತೋ ಮುಗಿದಿತ್ತು, ಅಡಿಕೆ, ಕಾಚು, ಸುಣ್ಣ ಇತ್ತು. ಆ ಪರದೇಶದಲ್ಲಿ ನನಗಿದ್ದ ಒಂದೇ ಸುಖ ಅದು. ಮುಖ ತೊಳೆಯುವ ಬಿಳಿ ಬೋಗುಣಿಗೆ ಉಗಿದೆ. ಹಿಂದಿನಿಂದ ಯಾರೋ ಕಿರುಚಿದ್ದು ಕೇಳಿಸಿತು.

ತಿರುಗುವಷ್ಟರಲ್ಲಿ ಆ ಹೆಂಗಸು ನನ್ನ ಗಲ್ಲ ಹಿಡಿದು ತುಟಿ ಮೇಲೆತ್ತಿ ಒಸಡು ನೋಡಿದಳು. ಬಾಯೆಲ್ಲ ಕೆಂಪು. ಆಮೇಲೆ ನನ್ನ ಜುಟ್ಟು ಹಿಡಿದು ಎಳೆದಳು. ಬೋಗುಣಿ ಹೊಲಸು ಮಾಡಿದ್ದಕ್ಕೆ ಹೊಡೆಯುತ್ತಿದ್ದಾಳೆ ಎಂದು ನಾನು, "ಅಯ್ಯೋ ತೊಳೀತೀನಿ ತಾಯಿ, ತೊಳೀತೀನಿ" ಎಂದು ಕನ್ನಡದಲ್ಲೇ ಬಡಬಡಿಸಿದೆ. ಅವಳು ಮತ್ತೆ ಎಳೆದು, ಬೆರಳುಗಳಲ್ಲಿ ಕೂದಲು ಬಂತೋ ಎಂದು ನೋಡಿಕೊಂಡಳು. ನನ್ನನ್ನು ಲುಂಗಿಯಲ್ಲೇ ಟ್ಯಾಕ್ಸಿಗೆ ತಳ್ಳಿ ಆಸ್ಪತ್ರೆಗೆ ಹೊರಟಳು.

ಆಸ್ಪತ್ರೆ

ಅಲ್ಲಿ ಒಬ್ಬ ಹುಡುಗ ಡಾಕ್ಟರು ಇಂಗ್ಲಿಷ್ ಬಲ್ಲವನು. ನಾನು ಅಂಗಿಯ ಜೇಬಿನಿಂದ ಅಡಿಕೆ ತೆಗೆದು ತೋರಿಸಿ, ಅಗಿದು, ಉಗಿದು ಪ್ರಾತ್ಯಕ್ಷಿಕೆ ಕೊಟ್ಟ ಮೇಲೆ ಅವನಿಗೆ ನಗು ತಡೆಯಲಿಲ್ಲ. ಹೆಂಗಸು ನಗಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು ಅಳುತ್ತಾ ಅವನಿಗೆ ಏನೋ ಹೇಳಿದಳು.

"ಅವರ ತಂಗಿ ಹೀಗೇ ಹೋದದ್ದು," ಎಂದ ಹುಡುಗ ನಗು ನಿಲ್ಲಿಸಿ. "ಬಾಂಬು ಬಿದ್ದು ಎರಡು ವಾರ ಚೆನ್ನಾಗಿಯೇ ಇದ್ದಳಂತೆ. ಆಮೇಲೆ ಒಂದು ಬೆಳಿಗ್ಗೆ ಬಾಯಲ್ಲಿ ರಕ್ತ, ಬಾಚಣಿಗೆಗೆ ಕೂದಲೆಲ್ಲ ಬಂತು."

ನನ್ನ ಬಾಯಲ್ಲಿದ್ದ ಅಡಿಕೆ ಚೂರು ಎಲ್ಲಿ ಉಗುಳಬೇಕೋ ತಿಳಿಯದೆ ನುಂಗಿದೆ. ಇಂಥ ಊರಿಗೆ ಬಂದು ಬಿಳಿ ಬೋಗುಣಿಯಲ್ಲಿ ಕೆಂಪು ಉಗಿದವನು ನಾನೊಬ್ಬನೇ ಇರಬೇಕು. ಕೈ ಮುಗಿದೆ. ಅವಳು ಎದ್ದು ಬಂದು ತಾನೇ ಎಳೆದು ಕೆದರಿಸಿದ್ದ ನನ್ನ ಕೂದಲನ್ನು ಮಗನಿಗೆ ಸವರುವ ಹಾಗೆ ಸವರಿ ಸರಿಮಾಡಿದಳು.

"ಮತ್ತೇನಾದರೂ ತೊಂದರೆ ಇದೆಯಾ?" ಎಂದು ಹುಡುಗ ಕೇಳಿದ. ಇದೆ ಎಂದೆ. ಅಕ್ಕನ ಕಥೆ ಹೇಳಿದೆ. ಅವನು ನನ್ನನ್ನು ಮಹಡಿಯ ಮೇಲಿನ ಹಿರಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಆ ಹಿರಿಯರು ತೆಳ್ಳಗೆ, ಬೆಳ್ಳಗೆ, ಒಂದೊಂದೇ ಇಂಗ್ಲಿಷ್ ಶಬ್ದವನ್ನು ಜೋಡಿಸಿ ಇಡುವ ಹಾಗೆ ಮಾತಾಡುವವರು. ನಾನು ಹೇಳಿದ್ದನ್ನೆಲ್ಲ ಕೇಳಿ ಕೇಳಿದ ಮೊದಲ ಪ್ರಶ್ನೆಯೇ, "ಅವಳಿಗೆ ನೋವಾಗಲಿಲ್ಲ, ಅಲ್ಲವೇ?"

ಇದನ್ನು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ.

ಅವರು ಒಂದು ಭೂತಗನ್ನಡಿ ತೆಗೆದು ಕಿಟಕಿಯ ಬಿಸಿಲಿಗೆ ಹಿಡಿದು, ಕಾಗದದ ಮೇಲೆ ಬೊಟ್ಟಿನಷ್ಟು ಬೆಳಕು ಬೀಳಿಸಿದರು. ಕಾಗದ ಕಂದಿತು, ಹೊಗೆಯಾಡಿತು, ತೂತಾಯಿತು. "ನಿಮ್ಮ ಅಕ್ಕನ ಕಣ್ಣಲ್ಲಿ ಆದದ್ದು ಇದು. ಕಣ್ಣಿನೊಳಗೂ ಇಂಥದೇ ಗಾಜಿದೆ, ಹಿಂದೆ ಪರದೆ ಇದೆ. ನಾವು ಯಾವುದನ್ನು ದಿಟ್ಟಿಸುತ್ತೇವೋ ಅದು ಆ ಪರದೆಯ ನಟ್ಟ ನಡುವೆ ಬೀಳುತ್ತದೆ. ಸುಡುವುದೂ ಅಲ್ಲೇ. ಪರದೆಗೆ ನೋವು ತಿಳಿಯುವುದಿಲ್ಲ. ಅದಕ್ಕೇ ಕಣ್ಣು ಕೆಂಪಾಗುವುದಿಲ್ಲ, ನೀರು ಬರುವುದಿಲ್ಲ. ಟಾರ್ಚು ಬಿಟ್ಟವರಿಗೆ ಏನೂ ಕಾಣುವುದಿಲ್ಲ."

ಬಾಂಬಿನ ಬೆಳಕೂ ಹೀಗೆಯೇ, ಆದರೆ ರೆಪ್ಪೆ ಮುಚ್ಚುವಷ್ಟೂ ಹೊತ್ತು ಕೊಡುವುದಿಲ್ಲ ಎಂದರು. ದೂರ ಹೋದ ಹಾಗೆ ಚರ್ಮ ಸುಡುವುದು ನಿಲ್ಲುತ್ತದೆ, ಕಣ್ಣು ಸುಡುವುದು ನಿಲ್ಲುವುದಿಲ್ಲ, ಯಾಕೆಂದರೆ ಅಷ್ಟು ದೂರದ ಬೆಳಕನ್ನೂ ಕಣ್ಣೇ ಒಟ್ಟುಮಾಡಿ ತನ್ನ ಮೇಲೆ ಹಾಕಿಕೊಳ್ಳುತ್ತದೆ. ಕತ್ತಲಾದರೆ ಇನ್ನೂ ಕಷ್ಟ, ಕಣ್ಣಿನ ಪಾಪೆ ಅಗಲವಾಗಿ ತೆರೆದಿರುತ್ತದೆ. ಸಮುದ್ರದಲ್ಲಿ ಬಾಂಬು ಪರೀಕ್ಷೆ ಮಾಡಿದವರು ಎಷ್ಟು ದೂರದವರೆಗೆ ಕಣ್ಣು ಸುಡುತ್ತದೆಂದು ತಿಳಿಯಲು ಮೊಲಗಳನ್ನು ಸಾಲಾಗಿ ಇಟ್ಟಿದ್ದರಂತೆ. "ಬಾಂಬು ಒಯ್ಯುವ ವಿಮಾನದವರು ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆಂದು ಓದಿದ್ದೇನೆ," ಎಂದರು. "ಒಂದು ಕಣ್ಣು ಹೋದರೆ ಇನ್ನೊಂದರಲ್ಲಿ ಕೆಲಸ ಮುಂದುವರಿಸಲು."

"ಹಾಗಾದರೆ ಈ ಊರಲ್ಲಿ ಅಕ್ಕನಂಥವರು ಬಹಳ ಜನ ಇರಬೇಕು," ಎಂದೆ. ನನಗೆ ಆಸೆ ಹುಟ್ಟಿತ್ತು. ರೋಗಿಗಳು ಹೆಚ್ಚಿದ್ದರೆ ಮದ್ದೂ ಇರುತ್ತದಲ್ಲ.

"ಇಲ್ಲ. ಬಹಳ ಕಡಿಮೆ," ಎಂದರು. "ಅವತ್ತು ಬೆಳಗಿನ ಬಿಸಿಲಿತ್ತು, ಪಾಪೆಗಳು ಚಿಕ್ಕದಾಗಿದ್ದವು. ಮತ್ತೆ, ತಲೆಯೆತ್ತಿ ನೇರವಾಗಿ ಅದನ್ನೇ ನೋಡಿದವರಲ್ಲಿ ಹೆಚ್ಚಿನವರು ಹತ್ತಿರವಿದ್ದವರು. ಅವರು ಕಣ್ಣು ತೋರಿಸಿಕೊಳ್ಳಲು ನನ್ನ ಹತ್ತಿರ ಬರಲಿಲ್ಲ."

ಯಾಕೆ ಬರಲಿಲ್ಲವೆಂದು ತಿಳಿಯಲು ನನ್ನಂಥ ಮಂದನಿಗೂ ಹೊತ್ತು ಹಿಡಿಯಲಿಲ್ಲ.

ಬಂದವರು ಬೇರೆ ಥರದವರು ಎಂದು ಅವರು ಹೇಳುತ್ತಾ ಹೋದರು. ಕಿಟಕಿಯ ಗಾಜು ಚೂರಾಗಿ ಕಣ್ಣಿಗೆ ಹೊಕ್ಕವರು. ಕಣ್ಣಿನ ಮುಂದಿನ ಪಾರದರ್ಶಕ ಪದರ ಬೆಂದು ಬಿಳಿಚಿಕೊಂಡವರು, ಅವರಲ್ಲಿ ಕೆಲವರಿಗೆ ಮತ್ತೆ ಕಂಡಿತು. ಆಮೇಲೆ ತಿಂಗಳು, ವರ್ಷ ಕಳೆದು, ಗಾಯವೇ ಆಗದಿದ್ದವರು ಒಬ್ಬೊಬ್ಬರಾಗಿ ಬಂದರು. ಬಿಸಿಲಿಗೆ ಹೋದರೆ ಎಲ್ಲ ಚದುರಿದ ಹಾಗೆ ಕಾಣುತ್ತದೆ ಎನ್ನುತ್ತಿದ್ದರು. ನೋಡಿದರೆ ಕಣ್ಣೊಳಗಿನ ಗಾಜಿನ ಬೆನ್ನಿಗೆ ಪೊರೆ. ಅದು ವಿಕಿರಣದ್ದು. ಒಂದು ಚಿತ್ರ ತೋರಿಸಿದರು: ಉದ್ದಿನ ವಡೆಯ ಹಾಗೆ ದುಂಡಗೆ, ನಡುವೆ ತೂತು. ಬಾಂಬು ಬಿದ್ದ ಬೆಳಿಗ್ಗೆ ಶಾಲೆಗೆ ಹೋಗುತ್ತಿದ್ದ ಹುಡುಗಿಯೊಬ್ಬಳಿಗೆ ಅಜ್ಜಿಯ ಕಣ್ಣು ಬಂದಿತ್ತು.

"ಪೊರೆಯನ್ನು ನಾನು ತೆಗೆಯಬಲ್ಲೆ, ಗಾಜಿನ ಚೂರನ್ನೂ ತೆಗೆಯಬಲ್ಲೆ," ಎಂದರು.

"ಅಕ್ಕನದು?"

ಅವರು ತೂತಾದ ಕಾಗದವನ್ನು ನನ್ನ ಕೈಗಿಟ್ಟರು. "ಇದನ್ನು ಮತ್ತೆ ಕಾಗದ ಮಾಡಬಹುದೇ?"

ನಾನು ಜೋರು ದನಿ ತೆಗೆದೆ. ಇಂಥ ಊರಿನಲ್ಲಿ, ಇಷ್ಟು ಕಣ್ಣು ನೋಡಿದ ಮೇಲೆ, ಎಷ್ಟು ದೂರದಲ್ಲಿ ಏನು ಸುಡುತ್ತದೆ ಎಂದು ಹೇಳುವಷ್ಟು ಗೊತ್ತಿದ್ದ ಮೇಲೆ, ಒಂದು ಮದ್ದು ಗೊತ್ತಿಲ್ಲ ಎಂದರೆ ಏನರ್ಥ ಎಂದು ಕೂಗಿದೆ. ಹುಡುಗ ಡಾಕ್ಟರು ನನ್ನ ತೋಳು ಹಿಡಿದ. ಹಿರಿಯರು ಅಲುಗಲಿಲ್ಲ. "ಕಣ್ಣು ಕೆಡಿಸುವುದು ಹೇಗೆಂದು ಕಲಿಯಲು ದೊಡ್ಡ ದೊಡ್ಡ ದೇಶಗಳು ದುಡ್ಡು ಹಾಕಿವೆ," ಎಂದರು. "ಮದ್ದು ಹುಡುಕುವವರು ನಮ್ಮಂಥವರು. ನೀವು ಸಿಟ್ಟಾಗುವುದು ಸರಿ."

ಕಿಯೊ

ಅಕ್ಕನಂಥವಳು ಒಬ್ಬಳಿದ್ದಾಳೆ, ನಾಳೆ ಬರುತ್ತಾಳೆ, ನೋಡಿ ಹೋಗಿ ಎಂದರು ಹಿರಿಯ ಡಾಕ್ಟರು. ಮರುದಿನ ಹೋದೆ. ಬೆಂಚಿನ ಮೇಲೆ ನಲವತ್ತರ ಹೆಂಗಸೊಬ್ಬಳು ಕೂತಿದ್ದಳು, ಹೆಸರು ಕಿಯೊ. ಆ ಬೆಳಿಗ್ಗೆ ಅವಳು ಊರಿಂದ ದೂರ, ಕೊಲ್ಲಿಯಲ್ಲಿ ಗಂಡನ ದೋಣಿಯ ಮೇಲಿದ್ದಳಂತೆ. ವಿಮಾನದ ಸದ್ದು ಕೇಳಿ ಊರ ಮೇಲಿನ ಆಕಾಶ ನೋಡಿದಳಂತೆ.

ಹುಡುಗ ಡಾಕ್ಟರು ನನ್ನನ್ನು ಪರಿಚಯಿಸಿದ. ಅವಳು ನನ್ನನ್ನು ನೋಡಲಿಲ್ಲ. ನನ್ನ ಕಿವಿಯ ಪಕ್ಕಕ್ಕೆ, ಹಿಂದೆ ಯಾರೋ ನಿಂತಿದ್ದಾರೇನೋ ಎಂಬಂತೆ ನೋಡಿ ನಕ್ಕಳು. ನಾನು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಅಕ್ಕ ಹೀಗೇ ನೋಡುವುದು. ಎದುರಿಗಿರುವವರ ಮುಖ ಬೇಕೆಂದರೆ ಪಕ್ಕಕ್ಕೆ ನೋಡುತ್ತಾಳೆ, ಆಗ ಆ ಕಪ್ಪು ಸರಿದು ಮುಖ ಅಂಚಿನಲ್ಲಿ ಮಸುಕಾಗಿ ಸಿಗುತ್ತದೆ. ಅವಳ ಅತ್ತೆ ಇದಕ್ಕೆ ಕಳ್ಳನೋಟ ಎಂದು ಹೆಸರಿಟ್ಟಿದ್ದಳು. ಮನೆಗೆ ಬಂದ ಗಂಡಸರನ್ನೆಲ್ಲ ಬಿಟ್ಟು ಬಾಗಿಲು ನೋಡುತ್ತಾಳೆ, ಓಡಿಹೋಗುವ ಯೋಚನೆ ಎಂದೂ ಆಡಿದ್ದಳು. ಏಳು ಸಮುದ್ರದಾಚೆ ಮೀನುಗಾರರ ಹೆಂಗಸೊಬ್ಬಳು ಅದೇ ನೋಟದಲ್ಲಿ ನನಗೆ ನಮಸ್ಕಾರ ಹೇಳುತ್ತಿದ್ದಳು. ನಾನು ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಕಿಯೊ ಅಕ್ಕನ ಬಗ್ಗೆ ಏನೇನೋ ಕೇಳಿದಳು. ಸೂಜಿಗೆ ದಾರ ಪೋಣಿಸುತ್ತಾಳಾ? ಇಲ್ಲ ಎಂದೆ. ನಾಲಗೆಯ ತುದಿಯಲ್ಲಿ ಸೂಜಿಯ ಕಣ್ಣು ಹುಡುಕಿ ದಾರ ಹಾಕುವುದನ್ನು ತೋರಿಸಿಕೊಟ್ಟಳು. ಗಂಡ ಹೊಡೆಯುತ್ತಾನಾ ಎಂದಳು. ಇಲ್ಲ, ನಂಬುವುದಿಲ್ಲ ಅಷ್ಟೇ ಎಂದೆ.

"ನನ್ನ ಗಂಡನೂ ನಂಬಿರಲಿಲ್ಲ," ಎಂದಳು. ಹುಡುಗ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದ. "ಬಲೆಯ ತೂತು ಕಾಣುವುದಿಲ್ಲ ಎಂದರೆ ಸೋಮಾರಿ ಎಂದು ಬೈಯುತ್ತಿದ್ದ. ಬೈದರೂ ಬಲೆ ನನ್ನ ಕೈಗೇ ಕೊಡುತ್ತಿದ್ದ. ಆಮೇಲೆ ಡಾಕ್ಟರು ನಿಜ ಹೇಳಿದರು. ಅವತ್ತಿನಿಂದ ಬಹಳ ಒಳ್ಳೆಯವನಾದ. ಎಷ್ಟು ಒಳ್ಳೆಯವನೆಂದರೆ, ಒಲೆ ಹಚ್ಚಲು ಬಿಡುವುದಿಲ್ಲ, ದೋಣಿ ಹತ್ತಲು ಬಿಡುವುದಿಲ್ಲ. ಈಗ ಎಲ್ಲ ಅವನ ತಂಗಿ ಮಾಡುತ್ತಾಳೆ." ನಗುತ್ತಲೇ ಹೇಳಿದಳು. "ಸುಳ್ಳುಬುರುಕಿಯಾಗಿದ್ದಾಗ ಮನೆಯಲ್ಲಿ ನನಗೊಂದು ಕೆಲಸವಿತ್ತು."

ನಾನು ಆ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅಕ್ಕನ ಪ್ರಶ್ನೆಗೆ ಉತ್ತರ ಸ್ವತಃ ನನ್ನ ಎದುರಿಗೆ ಕೂತಿತ್ತು, ಅದೇ ಸಂತೋಷದಲ್ಲಿದ್ದೆ. ಹೌದು, ಇಂಥದ್ದೊಂದು ಇದೆ. ಇದನ್ನು ಊರಿಗೆ ಹೋಗಿ ಹೇಳಿದರೆ ಇನ್ನು ಯಾವ ಅತ್ತೆ ಬಾಯಿ ತೆಗೆಯುತ್ತಾಳೆ ನೋಡೋಣ ಎಂದು ರೈಲಿನಲ್ಲಿ ದಾರಿಯುದ್ದಕ್ಕೂ ಜಗಳದ ಮಾತುಗಳನ್ನು ಹೊಂದಿಸಿಕೊಂಡು ಕೂತಿದ್ದೆ.

ನಿಟ್ಟೂರು

ಊರಿಗೆ ಬಂದ ಸುದ್ದಿ ಹೊಸನಗರದ ಬಸ್ಸಿಗಿಂತ ಬೇಗ ಹೋಗುತ್ತದೆ. ನಾನು ನಿಟ್ಟೂರು ಮುಟ್ಟಿದ ಮರುದಿನವೇ ಭಾವ ಬಂದರು, ಜೊತೆಗೆ ಅವರ ದೊಡ್ಡಪ್ಪ. ಕಾಲು ತೊಳೆದು ಜಗಲಿಯಲ್ಲಿ ಕೂತರು. ಅಕ್ಕ ಬಾಗಿಲ ಹತ್ತಿರ ಗೋಡೆಗೊರಗಿ ನಿಂತಳು. ನಾನು ಅಂಗಳದಿಂದ ಅಕ್ಕಪಕ್ಕದ ಎರಡು ಮನೆಯವರನ್ನೂ ಬೇಕೆಂದೇ ಕರೆದೆ. ಎಲ್ಲರೂ ಕೇಳಲಿ ಎಂದು.

ಎಲ್ಲವನ್ನೂ ಹೇಳಿದೆ. ಭೂತಗನ್ನಡಿ ತಂದಿದ್ದೆ, ಅಂಗಳದ ಬಿಸಿಲಿಗೆ ಹಿಡಿದು ಬಾಳೆಯ ಒಣಗಿದ ಎಲೆ ಸುಟ್ಟು ತೋರಿಸಿದೆ. ಕಿಯೊ ಬಗ್ಗೆ ಹೇಳಿದೆ. ನಾಟಕ ಅಂದವರ ಬಾಯಿಗೆ ಮಣ್ಣು ಹಾಕಬೇಕು ಎಂದೂ ಹೇಳಿದೆ.

ಭಾವ ಬಹಳ ಹೊತ್ತು ಆ ಸುಟ್ಟ ಎಲೆ ಹಿಡಿದುಕೊಂಡು ಕೂತಿದ್ದರು. ಆಮೇಲೆ ಎದ್ದು ಹೋಗಿ ಅಕ್ಕನ ಎದುರು ನಿಂತರು. ಅವರ ಕಣ್ಣಲ್ಲಿ ನೀರಿತ್ತು. "ತಪ್ಪಾಯ್ತು ಹೂವೀ," ಎಂದರು. "ಹತ್ತು ವರ್ಷ ನಿನ್ನ ಸುಳ್ಳುಬುರುಕಿ ಅಂದೆ." ಎಲ್ಲರ ಮುಂದೆ ಹೆಂಡತಿಗೆ ತಪ್ಪಾಯ್ತು ಎಂದ ಗಂಡಸನ್ನು ನಾನು ನಮ್ಮ ಕಡೆ ಮೊದಲ ಸಲ ನೋಡಿದ್ದು.

ನಾನು ಗೆದ್ದೆ ಎಂದುಕೊಂಡೆ.

"ವಾಸಿ ಆಗ್ತದಂತಾ?" ಎಂದು ದೊಡ್ಡಪ್ಪ ಕೇಳಿದರು.

"ಇಲ್ಲ," ಎಂದೆ.

"ಅಲ್ಲಿನ ದೊಡ್ಡ ಡಾಕ್ಟ್ರೇ ಅಂದ್ರಾ?"

"ಅವ್ರೇ ಅಂದ್ರು."

"ಹಂಗಾದ್ರೆ ಆಯ್ತಲ್ಲ," ಎಂದರು ದೊಡ್ಡಪ್ಪ, ಒಂದು ಭಾರ ಇಳಿದವರ ಹಾಗೆ. "ಇಷ್ಟು ದಿನ ಇವಳು ಇವತ್ತು ಸರಿಯಾದಾಳು, ನಾಳೆ ಸರಿಯಾದಾಳು ಅಂತ ಇವ್ನು ಕಾಯ್ತಾ ಕೂತಿದ್ದ. ಊರವ್ರೂ ಹೆಂಡ್ತಿ ಇರೋವಾಗ ಇನ್ನೊಂದು ಎಂತಕ್ಕೆ ಅಂತಿದ್ರು. ಈಗ ಯಾರೂ ಎಂತ ಹೇಳೋ ಹಂಗಿಲ್ಲ. ಪಾಪ, ಕಣ್ಣೇ ಹೋದ ಮೇಲೆ ಅವಳು ತಾನೆ ಎಂತ ಮಾಡ್ತಾಳೆ?"

ಭಾವ ತಲೆ ತಗ್ಗಿಸಿದರು. ಇಲ್ಲ ಎನ್ನಲಿಲ್ಲ.

ಒಬ್ಬಳಿರುವಾಗ ಇನ್ನೊಬ್ಬಳನ್ನು ಕಟ್ಟಿಕೊಂಡರೆ ಕಾನೂನಿದೆ, ಜೈಲಿಗೆ ಹಾಕುತ್ತಾರೆ ಎಂದು ನಾನು ಕೂಗಾಡಿದೆ. ದೊಡ್ಡಪ್ಪ ನಿಧಾನವಾಗಿ ಎಲೆಗೆ ಸುಣ್ಣ ಹಚ್ಚಿದರು. "ಕಾನೂನು ಕಾರ್ಗಲ್ಲಿಗೆ ಬಂದಿರ್ಬೋದು ಮಾರಾಯ. ನಮ್ಮೂರಿಗೆ ಇನ್ನೂ ಕರೆಂಟೇ ಬಂದಿಲ್ಲ." ನಾನು ಕರೆದು ಕೂರಿಸಿದ್ದ ಎರಡು ಮನೆಯವರೂ ನಕ್ಕರು. ಅಕ್ಕನಿಗೆ ಅನ್ನ ಬಟ್ಟೆಗೆ ಕಡಿಮೆ ಮಾಡಬಾರದು ಎಂದು ಅವರೇ ಮುಂದೆ ನಿಂತು ಭಾವನಿಂದ ಮಾತು ತೆಗೆದುಕೊಂಡರು. ಹಿರಿಯರ ಕೆಲಸ ಚೆನ್ನಾಗಿ ನಡೆಯಿತು ಎಂಬ ತೃಪ್ತಿಯಲ್ಲಿ ಎಲ್ಲರೂ ಕಾಫಿ ಕುಡಿದರು. ಹೊರಡುವಾಗ ಭಾವ ಅಕ್ಕನ ಕಡೆ ಒಂದು ಸಲವೂ ಬೆರಳು ಹಿಡಿದು ಎಷ್ಟು ಎಂದು ಕೇಳಲಿಲ್ಲ. ಇನ್ನು ಕೇಳುವ ಅಗತ್ಯವಿರಲಿಲ್ಲ.

ಅವರು ಹೋದ ಮೇಲೆ ಅಕ್ಕ ಲೋಟಗಳನ್ನು ತೊಳೆಯುತ್ತಾ ಕೂತಳು. ನಾನು ಅಂಗಳದಲ್ಲಿ ಅತ್ತಿತ್ತ ಓಡಾಡಿದೆ. ಅಷ್ಟು ದೂರ ಹೋಗಿ ಹುಡುಕಿ ತಂದ ನಿಜವನ್ನು ನಾನೇ ಅವರ ಕೈಗೆ ಕೊಟ್ಟಿದ್ದೆ, ಅವರು ಅದನ್ನು ಜೇಬಿಗೆ ಹಾಕಿಕೊಂಡು ಹೆಣ್ಣು ನೋಡಲು ಹೋದರು.

"ವಾಸಿ ಆಗ್ತದೆ ಅಂತ ಒಂದು ಮಾತು ಅಂದ್ಬಿಡ್ಬೇಕಿತ್ತು ನಾನು," ಎಂದೆ. "ನಿಧಾನಕ್ಕೆ ಆಗ್ತದೆ, ಎರಡು ವರ್ಷ ಬೇಕು ಅಂತ. ಯಾರು ಜಪಾನಿಗೆ ಹೋಗಿ ಕೇಳ್ತಿದ್ರು? ನೀನು ಇವತ್ತು ಗಾಡೀಲಿ ಕೂತು ಗಂಡನ ಮನೆಗೆ ಹೋಗ್ತಿದ್ದೆ."

"ಹೋಗ್ತಿದ್ದೆ," ಎಂದಳು ಅಕ್ಕ. ಲೋಟದ ಒಳಗೆ ಬೆರಳು ಆಡಿಸಿ ಜಿಡ್ಡು ಹೋಯಿತೋ ಎಂದು ನೋಡಿಕೊಂಡಳು. "ಹೋಗಿ ಎಂತ ಮಾಡ್ಬೇಕಿತ್ತು? ದಿನಾ ಬೆಳಿಗ್ಗೆ ಅವ್ರು ಕೇಳ್ತಿದ್ರು, ನಿನ್ನೆಗಿಂತ ಕಾಣ್ತದಾ ಅಂತ. ಹೌದು, ಸ್ವಲ್ಪ ಕಾಣ್ತದೆ ಅಂತ ನಾನು ಹೇಳ್ಬೇಕಿತ್ತು. ಹತ್ತು ವರ್ಷ ಎಲ್ಲಾರೂ ಸುಳ್ಳುಬುರುಕಿ ಅಂದ್ರು, ಒಂದು ದಿನಾನೂ ನಾನು ಸುಳ್ಳು ಹೇಳಿರ್ಲಿಲ್ಲ ತಮ್ಮಾ. ಈಗ ನೀನು ಹೇಳ್ಸೋಕೆ ಹೊರ್ಟಿದ್ಯಲ್ಲ."